ಏನನ್ನೂ ಹೊರದ ಕಂಬ

ಮಣಿಪಾಲದ ಒಂಬತ್ತನೇ ಮಹಡಿಯ ಫ್ಲ್ಯಾಟೊಂದರ ಹಾಲ್‌ನಲ್ಲಿ ಹಲಸಿನ ಕಂಬವೊಂದು ನಿಂತಿದೆ. ಬುಡ ಚೌಕ, ನಡು ಎಂಟು ಮೂಲೆ, ತುದಿಗೆ ತಾವರೆ ಮೊಗ್ಗಿನಂಥ ಕೆತ್ತನೆ. ಕಡಿದ ಹೊಸತರಲ್ಲಿ ಅರಿಸಿನದಂತೆ ಇದ್ದಿರಬೇಕಾದ ಮರ ಈಗ ಹಳೆ ಬೆಲ್ಲದ ಬಣ್ಣಕ್ಕೆ ತಿರುಗಿದೆ. ನೆಲದಿಂದ ಎರಡಡಿ ಮೇಲೆ, ಒಂದೇ ಬದಿಯಲ್ಲಿ, ಅಂಗೈಯಗಲದ ಜಾಗ ಮಾತ್ರ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತದೆ. ಯಾವುದೋ ಊರಿನ ಯಾವುದೋ ಚಾವಡಿಯಲ್ಲಿ, ಊಟ ಮುಗಿದ ಮಧ್ಯಾಹ್ನಗಳಲ್ಲಿ, ಯಾರದೋ ಬೆನ್ನು ಒರಗಿ ಒರಗಿ ಬಂದ ಮಿರುಗು ಅದು.

ಹೊರಗೆ ಆಟಿ ತಿಂಗಳ ಮಳೆ. ಬಿಸಿಲಿದ್ದಾಗ ಸಮುದ್ರದ ಗೆರೆ ಕಾಣುವ ಕಿಟಕಿಯಲ್ಲಿ ಇವತ್ತು ಬೂದಿ ಬಣ್ಣದ ಪರದೆ ಬಿಟ್ಟರೆ ಬೇರೇನಿಲ್ಲ. ಒಳಗೆ ಮಾತ್ರ ಸಂಜೆಯ ಬಿಸಿಲು ಕೂಡಿಟ್ಟ ಹಾಗಿದೆ. ಗೋಡೆಗೆ ಸುಟ್ಟ ಮಣ್ಣಿನ ಬಣ್ಣ. ಮೂಲೆಗಳೇ ಇಲ್ಲದ, ಉರುಟುರುಟಾದ ಸೋಫಾ. ಕಪಾಟಿನ ಬಾಗಿಲಿಗೆ ಗಾಜಿನ ಬದಲು ಬೆತ್ತದ ಹೆಣಿಗೆ. ಮಾಡಿನ ನಡುವಿನಿಂದ ಸುರಿಯುವ ಟ್ಯೂಬ್‌ಲೈಟು ಮಾಯವಾಗಿ, ಅಲ್ಲೊಂದು ಇಲ್ಲೊಂದು ಗಿಡ್ಡ ದೀಪ, ಲಾಟೀನಿನ ಬೆಳಕು. ಬಾಗಿಲ ಬಳಿ ಹಿತ್ತಾಳೆಯ ಕಾಲುದೀಪ; ಅದರಲ್ಲಿ ಬತ್ತಿಯಿಲ್ಲ, ಪುಟ್ಟ ಗಿಡವಿದೆ.

ನಾನು ಕಂಬದ ತಲೆಯ ಕಡೆ ನೋಡಿದೆ. ಕೆತ್ತನೆಗೂ ಸ್ಲ್ಯಾಬಿಗೂ ನಡುವೆ ಮೂರು ಬೆರಳು ಅಂತರ.

“ಇದು ಎಂತ ಹೊತ್ತುಕೊಂಡದ್ದು ಮಾರಾಯ್ತಿ?”

“ನನ್ನ ಇನ್‌ಸ್ಟಾಗ್ರಾಮನ್ನು!” ಎಂದು ಗೆಳತಿ ನಕ್ಕಳು. ಕಂಬದ ಮೂಲ ಕಾರ್ಕಳದ ಕಡೆಯ ಒಂದು ಮನೆ, ಸಿಕ್ಕಿದ್ದು ಹಳೆ ಸಾಮಾನಿನ ಅಂಗಡಿಯಲ್ಲಿ, ಲಿಫ್ಟಿನೊಳಗೆ ಹಿಡಿಸದೆ ನಾಲ್ಕು ಜನ ಒಂಬತ್ತು ಮಹಡಿ ಹೊತ್ತು ತಂದರು ಎಂದಳು. ನೂರಾರು ಹಂಚು, ಹತ್ತಾರು ಮಳೆಗಾಲ ಹೊತ್ತಿದ್ದ ಕಂಬವನ್ನು ಕೊನೆಗೆ ಮನುಷ್ಯರೇ ಹೊರುವ ಹಾಗಾಯಿತು.

ಆ ಮೂರು ಬೆರಳಿನ ಅಂತರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ಮಳೆಗಾಲವಿಡೀ ಉಡುಪಿ, ಕಾಪು, ಕಾರ್ಕಳ ಎಂದು ತಿರುಗಿದೆ, ಮನೆಗಳನ್ನು ನೋಡುತ್ತ.

ಬೆಚ್ಚಗೆ ಎಂದರೆ

ಈಗ ಮನೆ ಅಲಂಕಾರದವರ ಬಾಯಲ್ಲಿ ಇರುವುದು ಒಂದೇ ಮಾತು: ಬೆಚ್ಚಗಿರಬೇಕು, ಹಿತವಾಗಿರಬೇಕು. ಹತ್ತು ವರ್ಷದ ಹಿಂದೆ ಇವರೇ ಎಲ್ಲವೂ ಬಿಳಿ, ಎಲ್ಲವೂ ನೇರ, ಎಲ್ಲವೂ ಹೊಳಪು ಎನ್ನುತ್ತಿದ್ದರು. ಕೋವಿಡ್ ಬಂದು ಜನ ತಿಂಗಳುಗಟ್ಟಲೆ ತಮ್ಮ ತಮ್ಮ ಗೋಡೆಗಳನ್ನೇ ನೋಡುತ್ತ ಕೂತ ಮೇಲೆ, ಆಸ್ಪತ್ರೆಯಂಥ ಬಿಳುಪು ಯಾರಿಗೂ ಬೇಡವಾಯಿತು. ಬಣ್ಣಗಳಿಗೆ ನಂಬರು ಕೊಡುವ ಅಮೆರಿಕದ ಪ್ಯಾಂಟೋನ್ ಸಂಸ್ಥೆ 2025ರ ಬಣ್ಣವೆಂದು ಆರಿಸಿದ ‘ಮೋಕಾ ಮೂಸ್’ ಹಾಲು ಜಾಸ್ತಿಯಾದ ಫಿಲ್ಟರ್ ಕಾಫಿಯ ಬಣ್ಣ. ಉಡುಪಿ ಹೋಟೆಲಿನ ಮೇಜಿನ ಮೇಲೆ ದಿನವೂ ಚೆಲ್ಲುವ ಬಣ್ಣವೇ ಪ್ಯಾರಿಸ್ಸಿನ ಪರದೆಗಳಿಗೂ ಬಂತು.

ಈ ಬೆಚ್ಚಗಿನ ಮಾತು ಬಹಳಮಟ್ಟಿಗೆ ಚಳಿದೇಶಗಳದ್ದು. ಡಿಸೆಂಬರಿನಲ್ಲಿ ಹಗಲು ಏಳೇ ತಾಸು ಇರುವ ಡೆನ್ಮಾರ್ಕಿನವರು ಉಣ್ಣೆ, ಮೇಣದ ಬತ್ತಿ, ಮರದ ಹಲಗೆ, ನಾಲ್ಕು ಜನ ಆಪ್ತರು ಸೇರಿ ಆಗುವ ಹಿತಕ್ಕೆ ‘ಹ್ಯೂಗ’ ಎನ್ನುತ್ತಾರೆ. ಅವರಿಗೆ ಹಿಮ ಬಾಗಿಲಾಚೆ ಇದ್ದರೆ ಸಾಕು. ನಮಗೆ ಏನು ಆಚೆ ಇರಬೇಕು? ಕರಾವಳಿಯವನನ್ನು ಕೇಳಿದರೆ ಎರಡು ಉತ್ತರ ಕೊಡುತ್ತಾನೆ. ಎಪ್ರಿಲ್‌ನಲ್ಲಾದರೆ ಸೆಕೆ, ಜುಲೈಯಲ್ಲಾದರೆ ಒದ್ದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಉಡುಪಿ ಸೀಮೆಯಲ್ಲಿ ಹಿತವಾದ ಮನೆ ಎಂದರೆ ಬೇಸಿಗೆಯಲ್ಲಿ ಕಾಲಿಗೆ ತಣ್ಣಗೆ ತಾಗುವ ನೆಲ, ಮಳೆಗಾಲದಲ್ಲಿ ಬಟ್ಟೆ ಒಣಗುವ ಜಾಗ. ಸರ್ವಜ್ಞ ಕೂಡ ಸ್ವರ್ಗದ ಪಟ್ಟಿ ಮಾಡುವಾಗ ಬೆಚ್ಚಗಿನ ಮನೆಯನ್ನೇ ಮೊದಲು ಇಟ್ಟ; ಅವನು ಬಯಲುಸೀಮೆಯ ಮಾಗಿ ಚಳಿ ಕಂಡವನು. ಆಟಿಯಲ್ಲಿ ಎರಡು ವಾರ ಕಾಪುವಿನಲ್ಲಿ ಇದ್ದಿದ್ದರೆ ‘ಒಣ ಮನೆ’ ಎಂದು ತಿದ್ದುತ್ತಿದ್ದನೋ ಏನೋ.

ಊರು ಬಿಟ್ಟ ಮನೆಗಳು

ಗೆಳತಿಯ ಫ್ಲ್ಯಾಟಿನಿಂದ ಹೆಚ್ಚು ದೂರವಿಲ್ಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋದರೆ ಈ ಕಥೆಯ ಹಿಂದಿನ ಅಧ್ಯಾಯ ಸಿಗುತ್ತದೆ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕುರುಳುವುದನ್ನು ಕಂಡವರು. ಕೆಡವಿದ ಮನೆಯ ದಾರಂದ, ಕಂಬ, ಮುಚ್ಚಿಗೆಗಳು ಸೌದೆಯ ತೂಕಕ್ಕೆ ಹೋಗುವ ಕಾಲ ಅದು. ಮೊದಲು ಅಂಥ ಬಿಡಿಭಾಗಗಳಿಂದಲೇ ತಮ್ಮ ಸ್ವಂತ ಮನೆ ಕಟ್ಟಿಕೊಂಡರು. ಅದನ್ನು ನೋಡಲು ಜನ ಬರತೊಡಗಿದರು. ಆಮೇಲೆ ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸುವ ಹುಚ್ಚು ಹಿಡಿಯಿತು. 2017ರಲ್ಲಿ ಅವರು ತೀರಿಕೊಂಡರು. ಅವರು ಉಳಿಸಿದ ಮನೆಗಳು ಮಣಿಪಾಲದ ಕೆಂಪು ನೆಲದ ಮೇಲೆ ಬೇರೂರಿ ನಿಂತಿವೆ.

ಅಲ್ಲಿ ಕುಕನೂರಿನ ಕಮಲ ಮಹಲೂ ಇದೆ, ಭಟ್ಕಳದ ನವಾಯತರ ಮನೆಯೂ ಇದೆ. ಆದರೆ ನಾನು ಹೋದದ್ದು ಎರಡು ಮನೆಗಳ ಸಲುವಾಗಿ. ಒಂದು ಕಾಪುವಿನ ಕಡೆಯ ಕುಂಜೂರಿನಿಂದ ಬಂದ 1816ರ ಚೌಕಿಮನೆ. ಇನ್ನೊಂದು ಕಾರ್ಕಳದ ಮಿಯ್ಯಾರಿನಿಂದ ಬಂದ ಮನೆ.

ಕುಂಜೂರು ಚೌಕಿಮನೆಯ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಹೋಗಲಾಗುವುದಿಲ್ಲ. ತಗ್ಗಿಸಿ ಒಳಗೆ ಕಾಲಿಟ್ಟ ಕ್ಷಣ ಹೊರಗಿನ ಬೆಳಕು ಕಣ್ಣಿನಿಂದ ಇಳಿಯುತ್ತದೆ. ಎರಡು ಉಸಿರಿನಷ್ಟು ಹೊತ್ತು ಏನೂ ಕಾಣದು. ಆಮೇಲೆ ನಡುವಿನ ಚೌಕಿ ಕಾಣುತ್ತದೆ: ಆಕಾಶಕ್ಕೆ ತೆರೆದ ಅಂಗಳ, ನಾಲ್ಕೂ ಮಾಡಿನಿಂದ ಒಳಗೇ ಸುರಿಯುವ ಮಳೆ. ಮನೆಯ ಮಧ್ಯದಲ್ಲಿ ಮಳೆ! ಸುತ್ತಲಿನ ಜಗಲಿಯಲ್ಲಿ ಕೂತವನ ಮೈಗೆ ಒಂದು ಹನಿಯೂ ತಾಗದು, ಸದ್ದು ಮಾತ್ರ ಪೂರ್ತಿ ಅವನದೇ. ಬಿಸಿಗಾಳಿ ಚೌಕಿಯಿಂದ ಮೇಲಕ್ಕೇರಿ ಹೋಗುತ್ತದೆ, ದಳಿ ಕಿಟಕಿಯಿಂದ ತಂಪುಗಾಳಿ ಒಳಗೆ ಸೇರುತ್ತದೆ. ಮರದ ಮುಚ್ಚಿಗೆಯ ಮೇಲೆ ಅಟ್ಟ, ಅಟ್ಟದ ಮೇಲೆ ಮಾಡು. ಬಿಸಿಲು ಆ ಎರಡು ಅಂತಸ್ತು ದಾಟಿ ಕೆಳಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತದೆ. ಅಟ್ಟ ಬರೀ ಸಾಮಾನು ತುಂಬುವ ಜಾಗ ಎಂದುಕೊಂಡಿದ್ದ ನಮಗೆ, ಅದು ಮನೆಯ ಕೊಡೆ ಎಂದು ಗೊತ್ತಾಗುವುದು ಕಾಂಕ್ರೀಟ್ ಸ್ಲ್ಯಾಬಿನಡಿ ಒಂದು ಎಪ್ರಿಲ್ ಕಳೆದ ಮೇಲೆ.

ಇಂಥ ಮನೆಗಳು ಊರು ಬಿಟ್ಟದ್ದು ಯಾಕೆ? ಫ್ಯಾಶನ್ ಬದಲಾದದ್ದಕ್ಕೆ ಮಾತ್ರ ಅಲ್ಲ. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಗೇಣಿದಾರರ ಪಾಲಾಗುವ ಕಾನೂನು ಬಂತು. ಉತ್ತವರಿಗೆ ನ್ಯಾಯ ಸಿಕ್ಕಿತು. ಆ ಗೇಣಿ ಅಕ್ಕಿಯ ಬಲದಲ್ಲಿ ನಿಂತಿದ್ದ ದೊಡ್ಡ ಮನೆಗಳಿಗೆ ವರ್ಷವರ್ಷ ಹಂಚು ಕೈಯಾಡಿಸುವ ಖರ್ಚೂ ಹುಟ್ಟದಾಯಿತು. ಅಳಿಯಕಟ್ಟಿನ ಕೂಡುಕುಟುಂಬಗಳಲ್ಲಿ ಪಾಲು ಆಯಿತು. ಒಂದು ಮನೆಗೆ ಹದಿನೆಂಟು ವಾರಸುದಾರರು, ಹದಿನೇಳು ಮಂದಿ ಬೊಂಬಾಯಿಯಲ್ಲಿ. ಮನೆ ಪಾಲು ಮಾಡಲು ಬಾರದು; ಮರ ಪಾಲು ಮಾಡಬಹುದು. ಹಾಗಾಗಿ ಬಿಚ್ಚಿದರು. ಗೆಳತಿಯ ಹಾಲ್‌ನಲ್ಲಿ ನಿಂತ ಕಂಬವೂ ಹೀಗೆ ಯಾರದೋ ಪಾಲಿಗೆ ಬಂದದ್ದಿರಬಹುದು.

ಒಂದೇ ದಿನದ ನೆಲ

ಉಡುಪಿಯ ರಥಬೀದಿಯಿಂದ ಹೊರಟು ಎರಡು ಓಣಿ ತಿರುಗಿದರೆ ನನ್ನ ದೊಡ್ಡಮ್ಮನ ಮನೆ. ರಸ್ತೆಗೆ ಆನಿಕೊಂಡ ಜಗಲಿ, ಮುಂದೆ ಮರದ ದಳಿ, ಮೇಲೆ ಪಾಚಿಗಟ್ಟಿದ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮುಳಿಹುಲ್ಲಿನ ಮಾಡುಗಳು ಕೆಂಪಾಗುತ್ತ ಬಂದವು. ಮಿಷನ್ನಿನ ಇನ್ನೊಂದು ಕಾರ್ಖಾನೆ ಇಲ್ಲೇ ಮಲ್ಪೆಯಲ್ಲಿತ್ತು. ಒಂದು ಹಂಚಿನ ಕಚ್ಚಿನೊಳಗೆ ಇನ್ನೊಂದರ ಅಂಚು ಸಿಕ್ಕಿಕೊಳ್ಳುವ ಹಾಗೆ ಅಚ್ಚು ಹಾಕಿದ್ದೇ ಅದರ ಜಾಣತನ. ಗಾಳಿಗೆ ಹಾರದು, ಸಂದಿನಲ್ಲಿ ಉಸಿರಾಡುತ್ತದೆ.

ದೊಡ್ಡಮ್ಮನ ಮನೆಯ ಸಿರಿ ಮಾಡಿನಲ್ಲಿಲ್ಲ, ನೆಲದಲ್ಲಿದೆ. ಕುಂಕುಮಕ್ಕಿಂತ ಒಂದು ಛಾಯೆ ಗಾಢವಾದ ಕೆಂಪು, ಅಂಚಿಗೆ ಗೇಣಗಲದ ಕಪ್ಪು ಪಟ್ಟಿ. ಬಾಗಿಲ ಬೆಳಕು ಬಿದ್ದರೆ ನೀರು ನಿಂತ ಗದ್ದೆಯ ಹಾಗೆ ಆಕಾಶ ಕಾಣುತ್ತದೆ. ಈಗ ಬೆಂಗಳೂರಿನ ಮನೆಗಳಲ್ಲಿ ಚದರಡಿಯ ಲೆಕ್ಕದಲ್ಲಿ ದುಡ್ಡು ತೆತ್ತು ಮಾಡಿಸುವ ‘ರೆಡ್ ಆಕ್ಸೈಡ್’ ಇದೇ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿ, ಹಸಿ ಕಾಂಕ್ರೀಟಿನ ಮೇಲೆ ತೆಳ್ಳಗೆ ಎಳೆದು, ಕರಣೆಯಿಂದ ಒತ್ತಿ ಒತ್ತಿ ಹೊಳಪು ತರುವುದು. ಕೇಳಲು ಸುಲಭ. ಆದರೆ ಒಂದು ಕೋಣೆಗೆ ಕೈ ಹಾಕಿದರೆ ಅದೇ ದಿನ ಮುಗಿಸಬೇಕು. ನಾಳೆಗೆ ಬಿಟ್ಟರೆ ಇವತ್ತಿಗೂ ನಾಳೆಗೂ ನಡುವಿನ ಗೆರೆ ಆಯುಷ್ಯವಿಡೀ ಕಾಣುತ್ತದೆ. ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಿ, ಯಾರನ್ನೂ ಕಾಲಿಡಲು ಬಿಡದೆ ಕಾಯಬೇಕು.

“ನೆಲ ಮಾಡಿದವನದ್ದು ಒಂದು ದಿನದ ಕೆಲಸ. ಉಳಿದದ್ದು ನಾವು ಮಾಡಿದ್ದು,” ಎನ್ನುತ್ತಾರೆ ದೊಡ್ಡಮ್ಮ. ಮದುವೆಯಾಗಿ ಬಂದ ಹೊಸತರಲ್ಲಿ ಶುಕ್ರವಾರ ಶುಕ್ರವಾರ ತೆಂಗಿನೆಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿದ್ದು, ಸಿಪ್ಪೆ ಸಹಿತದ ಒಣ ತೆಂಗಿನಕಾಯಿ ಕಡಿಯಲ್ಲಿ ತಿಕ್ಕಿದ್ದು, ಮಕ್ಕಳು ಅಂಬೆಗಾಲಿಟ್ಟದ್ದು, ಜನ ಬರಿಗಾಲಲ್ಲಿ ನಡೆದದ್ದು, ಚಾಪೆ ಹಾಸಿ ಮಲಗಿದ್ದು, ಎಲ್ಲವೂ ಸೇರಿ ಬಂದ ಹೊಳಪು ಅದು. ಟೈಲ್ಸ್ ತಂದ ದಿನವೇ ಅತಿ ಚಂದ, ದಿನ ಹೋದಂತೆ ಕಳೆಗುಂದುತ್ತದೆ. ಕೆಂಪು ನೆಲಕ್ಕೆ ತದ್ವಿರುದ್ಧ ಸ್ವಭಾವ. ಬಿರುಕೂ ಬಿಡುತ್ತದೆ. ದೊಡ್ಡಮ್ಮನ ನಡುಮನೆಯ ಬಿರುಕಿಗೆ ಹೊಳೆಯ ಹಾಗೆ ಕವಲುಗಳಿವೆ. ಚಿಕ್ಕಂದಿನಲ್ಲಿ ನಾವು ಅದಕ್ಕೆ ಸ್ವರ್ಣಾ ನದಿ ಎಂದು ಹೆಸರಿಟ್ಟು ಕಾಗದದ ದೋಣಿ ಇಡುತ್ತಿದ್ದೆವು.

ಆ ಸಂಜೆ ಕರೆಂಟು ಹೋಯಿತು. ದೊಡ್ಡಮ್ಮ ದೇವರ ಕೋಣೆಯ ದೀಪವನ್ನು ಚಾವಡಿಗೆ ತಂದಿಟ್ಟರು. ಒಂದು ಬತ್ತಿಯ ಬೆಳಕು ಕೆಂಪು ನೆಲಕ್ಕೆ ತಾಗಿ ಗೋಡೆಗೇರಿತು. ಮುಖಗಳೆಲ್ಲ ಕೆಳಗಿನಿಂದ ಬೆಳಗಿದವು. ಅಂಗಡಿಗಳಲ್ಲಿ ಬಲ್ಬಿನ ಡಬ್ಬದ ಮೇಲೆ ಈಗ 2700 ಕೆಲ್ವಿನ್ ಎಂದು ಬರೆದು ಮಾರುವ ಹಳದಿ ಬೆಳಕು ಹುಡುಕುತ್ತಿರುವುದು ಈ ಗಳಿಗೆಯನ್ನೇ. ಮನೆಮನೆಯಲ್ಲಿ ಉರಿಯುತ್ತಿದ್ದ 6500 ಕೆಲ್ವಿನ್ನಿನ ಬೆಳ್ಳನೆಯ ಬೆಳಕು ಮಧ್ಯಾಹ್ನದ ಬೆಳಕು. ಅದರಡಿ ಲೆಕ್ಕ ಬರೆಯಬಹುದು, ಕಥೆ ಹೇಳಲು ಬಾಯಿ ಬರುವುದಿಲ್ಲ. ಬಲ್ಬು ಬದಲಿಸುವುದಕ್ಕೆ ನೂರಿನ್ನೂರು ರೂಪಾಯಿ ಸಾಕು. ಹೊಸ ಫ್ಯಾಶನ್ನಿನಲ್ಲಿ ನಾನು ಕಣ್ಣುಮುಚ್ಚಿ ಒಪ್ಪುವ ಸಂಗತಿ ಇದೊಂದೇ.

ಉಪ್ಪುಗಾಳಿ

ಕಾಪುವಿನಲ್ಲಿ ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ 1901ರ ದೀಪಸ್ತಂಭ. ಮಳೆಗಾಲದ ಸಮುದ್ರ ಬಂಡೆಗೆ ಅಪ್ಪಳಿಸಿ ಎದ್ದಾಗ ಕನ್ನಡಕದ ಗಾಜಿನ ಮೇಲೆ ಉಪ್ಪು ಕೂರುತ್ತದೆ. ಇಲ್ಲಿನ ಮನೆಯವರು ಒಳಾಂಗಣ ವಿನ್ಯಾಸದ ಪುಸ್ತಕ ಓದದಿದ್ದರೂ ಒಂದು ಪಾಠ ಬಾಯಿಪಾಠ ಮಾಡಿದ್ದಾರೆ. ಕಬ್ಬಿಣ ಕರಗುತ್ತದೆ, ಪ್ಲೈವುಡ್ ಉಬ್ಬುತ್ತದೆ, ಹಿತ್ತಾಳೆ ಹಸುರಾದರೂ ತಿಕ್ಕಿದರೆ ಮರಳುತ್ತದೆ, ಹಳೆ ಮರ ಉಳಿಯುತ್ತದೆ.

ಸಮುದ್ರದಿಂದ ಕಲ್ಲೆಸೆತದಲ್ಲಿ ಒಂದು ಮನೆಗೆ ಹೋದೆ. ದುಬೈ ದುಡಿಮೆಯಲ್ಲಿ ಕಟ್ಟಿದ್ದು. ತಾರಸಿ ಮನೆ, ಆದರೆ ತಾರಸಿಯ ಮೇಲೆ ಮತ್ತೊಂದು ಮಾಡು: ಉಕ್ಕಿನ ಪೈಪು, ಕೆಂಪು ಶೀಟು. ಉಡುಪಿಯಿಂದ ಕಾರ್ಕಳದವರೆಗೆ ಯಾವ ದಿಣ್ಣೆಯ ಮೇಲೆ ನಿಂತು ನೋಡಿದರೂ ಈ ಟೊಪ್ಪಿ ಹಾಕಿಕೊಂಡ ತಾರಸಿಗಳೇ. ಹಂಚಿನ ಮಾಡು ಬೇಡವೆಂದು ಸ್ಲ್ಯಾಬು ಹಾಕಿದೆವು. ಸ್ಲ್ಯಾಬು ಸೋರಿತು, ಬೇಸಿಗೆಯಲ್ಲಿ ಕಾದ ಕಾವಲಿಯಾಯಿತು, ಬಟ್ಟೆ ಒಣಗಿಸಲು ಜಾಗವಿಲ್ಲದಾಯಿತು. ಆಗ ಶೀಟು ಹಾಕಿದೆವು. ಈಗ ಶೀಟಿನ ಮೇಲೆ ಹಂಚಿನ ಅಚ್ಚೊತ್ತಿ ಮಾರುತ್ತಾರೆ. ಅಂತೂ ಅಜ್ಜನ ಮಾಡು ಸುತ್ತುಬಳಸಿ ತಲೆಯ ಮೇಲೆಯೇ ಬಂದು ಕೂತಿದೆ, ಹಂಚಿನ ವೇಷ ಹಾಕಿಕೊಂಡು. ಮೊದಲಿನ ಅಟ್ಟ ಈಗ ತಾರಸಿ ಎನಿಸಿಕೊಂಡಿದೆ. ಅಲ್ಲಿ ಬಟ್ಟೆಯ ಹಗ್ಗ, ಒಣ ತೆಂಗಿನಕಾಯಿ, ಮದುವೆಯ ಕುರ್ಚಿಗಳು, ಆಟಿಯ ಮಧ್ಯಾಹ್ನ ಕೇರಂ ಆಡುವ ಮಕ್ಕಳು. ಇಡೀ ಮನೆಯಲ್ಲಿ ಹಿತವಾದ ಜಾಗ ಅದೊಂದೇ. ಅದನ್ನು ಯಾವ ಡಿಸೈನರೂ ಬರೆದುಕೊಟ್ಟದ್ದಲ್ಲ.

ಕೆಳಗೆ ಡಿಸೈನರು ಬರೆದುಕೊಟ್ಟ ಹಾಲ್. ಜಿಪ್ಸಮ್ಮಿನ ಫಾಲ್ಸ್ ಸೀಲಿಂಗ್ ಮೂಲೆಯಲ್ಲಿ ಕಪ್ಪು ಚುಕ್ಕಿಯ ಬೂಸರು. ಗೋಡೆಗಂಟಿಸಿದ ಬಟ್ಟೆಯ ಪ್ಯಾನೆಲ್‌ಗೆ ಹಸಿ ನಾಯಿಯ ವಾಸನೆ. “ಫೋಟೋದಲ್ಲಿ ವಾಸನೆ ಬರುವುದಿಲ್ಲ ಅಲ್ವಾ ಮಾರಾಯ್ರೆ,” ಎಂದರು ಮನೆಯೊಡತಿ. ಗೆಳತಿಯ ಬೆತ್ತದ ಕಪಾಟು ನೆನಪಾಯಿತು. ಅದಕ್ಕೂ ಜುಲೈಯಲ್ಲಿ ಬಿಳಿ ಬೂಸರು ಬಂದು, ಅವಳು ಹೇರ್ ಡ್ರೈಯರ್ ಹಿಡಿದು ಕೂತಿದ್ದಳಂತೆ. ಬೆತ್ತ ನಮ್ಮದೇ ಕಾಡಿನ ವಸ್ತು. ಆದರೆ ಅಜ್ಜನ ಬೆತ್ತದ ಕುರ್ಚಿ ಇದ್ದದ್ದು ಗಾಳಿ ಬೀಸುವ ಜಗಲಿಯಲ್ಲಿ. ಕಿಟಕಿ ಮುಚ್ಚಿದ ಎಸಿ ಕೋಣೆಯ ಮೂಲೆಯಲ್ಲಿ ಅದಕ್ಕೂ ಉಸಿರು ಕಟ್ಟುತ್ತದೆ.

ಕಾಪುವಿನಲ್ಲಿ ಹಿತದ ಇನ್ನೊಂದು ಗುಟ್ಟಿದೆ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಒಳಗೆ ಹೋದರೆ ಶಂಕರಪುರ. ಉಡುಪಿ ಮಲ್ಲಿಗೆಯ ಊರು. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಾಕಿ ಪೇಟೆಗೆ ಕಳಿಸುವ ಮನೆಗಳು. ಅಲ್ಲಿನ ಜಗಲಿಗಳಲ್ಲಿ ಬಾಳೆನಾರು ನೆನೆದ ಹಸಿ ವಾಸನೆ, ಮೊಗ್ಗಿನ ಕಂಪು, ಒಳಗಿನಿಂದ ಕಾಯಿಸಿದ ತೆಂಗಿನೆಣ್ಣೆ. ಅಂಗಡಿಯ ಸುಗಂಧದ ಮೇಣದ ಬತ್ತಿಗೆ ಮಲ್ಲಿಗೆಯ ಹೆಸರಿಡಬಹುದು. ಮೊಗ್ಗು ಸಂಜೆ ಆರಕ್ಕೆ ಅರಳುತ್ತ ಮನೆಯ ವಾಸನೆಯನ್ನೇ ಬದಲಿಸುವ ಆ ಹೊತ್ತನ್ನು ಡಬ್ಬದಲ್ಲಿ ತುಂಬಲಾದೀತೆ?

ಕಲ್ಲಿನ ಊರು

ಕಾರ್ಕಳದ ರಸ್ತೆಗಿಳಿದರೆ ನೆಲದ ಬಣ್ಣ ಬದಲಾಗುತ್ತ ಹೋಗುತ್ತದೆ. ಕೆಂಪು ಮುರಕಲ್ಲಿನ ನಡುವೆ ಕರಿ ಬಂಡೆ ತಲೆಯೆತ್ತುತ್ತದೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಒಂದು ಬಂಡೆಯ ನೆತ್ತಿಯಲ್ಲಿ. ಎದುರಿನ ದಿಣ್ಣೆಯಲ್ಲಿ 1586ರ ಚತುರ್ಮುಖ ಬಸದಿ. ನಾಲ್ಕೂ ದಿಕ್ಕಿಗೆ ಒಂದೇ ತೆರನಾದ ಬಾಗಿಲು, ಸುತ್ತಲೂ ಕಂಬಗಳ ಮೊಗಸಾಲೆ. ಹೊರಗೆ ಬಿಸಿಲಿರಲಿ ಮಳೆಯಿರಲಿ, ಆ ಕಲ್ಲಿನ ಮೇಲೆ ಬರಿಗಾಲಿಟ್ಟರೆ ತಂಪು ಮಂಡಿಯವರೆಗೆ ಏರುತ್ತದೆ. ಕಲ್ಲು ಮತ್ತು ನೆರಳಿನ ಕಟ್ಟಡ ಎಷ್ಟು ನೆಮ್ಮದಿ ಕೊಡಬಲ್ಲದು ಎಂದು ತಿಳಿಯಬೇಕಾದರೆ ಅಲ್ಲಿ ಅರ್ಧ ತಾಸು ಸುಮ್ಮನೆ ಕೂರಬೇಕು.

ಮುರಕಲ್ಲಿನ ಕಥೆ ಬೇರೆ. ಮಣ್ಣಿನಡಿ ಇರುವಾಗ ಮೃದು, ಕೊಯ್ದು ಗಾಳಿಗಿಟ್ಟರೆ ಗಟ್ಟಿ. ಇಟ್ಟಿಗೆಯ ಹಾಗೆ ಕೊಯ್ಯುವುದನ್ನು ಕೇರಳದ ಅಂಗಾಡಿಪುರದಲ್ಲಿ ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆಗಿರುವ ಮಾತಿನಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟು 1807ರ ಪುಸ್ತಕದಲ್ಲಿ ಬರೆದವನು ಫ್ರಾನ್ಸಿಸ್ ಬುಕಾನನ್. ನಮ್ಮ ಕೆನರಾ ಜಿಲ್ಲೆಯನ್ನೂ ಸುತ್ತಿದವನು. ನಮ್ಮವರು ಇಷ್ಟು ಕಾಲ ಅದಕ್ಕೆ ಸಾರಣೆ ಮಾಡಿ ಮುಚ್ಚುತ್ತಿದ್ದರು. ಮುರಕಲ್ಲು ಕಂಡರೆ ಮನೆ ಅರ್ಧಕ್ಕೆ ನಿಂತಿದೆ, ದುಡ್ಡು ಮುಗಿದಿದೆ ಎಂದು ಅರ್ಥ. ಈಗ ಕಲ್ಲು ಕಾಣಬೇಕೆಂದೇ ಸಾರಣೆ ಬಿಡಿಸುತ್ತಾರೆ. ಬಡತನದ ಗುರುತಾಗಿದ್ದದ್ದು ಅಭಿರುಚಿಯ ಗುರುತಾಗುವುದಕ್ಕೆ ಒಂದು ತಲೆಮಾರು ಸಾಕಾಯಿತು.

ಮಿಯ್ಯಾರಿನ ಬಳಿ ಅಂಥದೊಂದು ಹೊಸ ಮನೆ ನೋಡಿದೆ. ಶಾಲೆ ಮೇಷ್ಟ್ರ ಮನೆ, ದೊಡ್ಡದೇನಲ್ಲ. ಮುರಕಲ್ಲಿನ ಗೋಡೆ, ಕೆಡವಿದ ಮನೆಯ ಹಂಚು, ಹಳೆ ಪಕಾಸಿಗೆ ಹೊಸ ರೀಪು. ಮಾಡನ್ನು ಗೋಡೆಯಿಂದ ಮೂರಡಿ ಹೊರಗೆ ಚಾಚಿದ್ದಾರೆ. ಯಾಕೆಂದು ಕೇಳಿದ್ದಕ್ಕೆ ಮರದ ಕೆಲಸದ ಆಚಾರ್ಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೀವು ಮಳೆಗೆ ಕೊಡೆ ಹಿಡಿಯುವುದು ತಲೆಗೆ ಮಾತ್ರವಾ? ಭುಜ ನೆನೆಯುವುದಿಲ್ಲವಾ? ಇಂಟರ್ನೆಟ್ಟಲ್ಲಿ ನೋಡಿ ಕಲ್ಲು ತೋರಿಸಿ ಅಂತಾರೆ, ಮಾಡು ಮಾತ್ರ ಚಿಕ್ಕದು ಸಾಕು ಅಂತಾರೆ. ಎರಡು ಮಳೆಗಾಲಕ್ಕೆ ಗೋಡೆ ಒಳಗೆ ಪಾಚಿ.”

ಈ ಮನೆಯಲ್ಲೂ ಹಳೆ ಕಂಬಗಳಿವೆ, ಜಗಲಿಯಲ್ಲಿ ನಾಲ್ಕು. ನಾನು ಅಭ್ಯಾಸಬಲದಿಂದ ತಲೆಯೆತ್ತಿ ನೋಡಿದೆ. ಅಂತರವಿರಲಿಲ್ಲ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಪಕಾಸು, ಅದರ ಮೇಲೆ ಇಡೀ ಮಾಡು ಕೂತಿತ್ತು. “ಕಂಬಕ್ಕೆ ಭಾರ ಬೇಕು. ಭಾರ ಇಲ್ಲದಿದ್ದರೆ ಅದು ಕಂಬ ಅಲ್ಲ, ಬರೀ ಮರ,” ಎಂದರು ಆಚಾರ್ಯರು, ಬೀಡಿ ಹಚ್ಚುತ್ತ.

ಮಿಯ್ಯಾರಿನ ಒಂದು ಮನೆ ಮಣಿಪಾಲಕ್ಕೆ ಹೋಗಿ ಮ್ಯೂಸಿಯಂ ಆಯಿತೆಂದು ಹೇಳಿದೆನಲ್ಲ. ಅದೇ ಮಿಯ್ಯಾರಿನಲ್ಲಿ ಈಗ ಕೆನರಾ ಬ್ಯಾಂಕಿನ ಆಸರೆಯ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಿದೆ. ಹಳ್ಳಿ ಹುಡುಗರು ಅಲ್ಲಿ ಕಲ್ಲು ಕೆತ್ತನೆ, ಮರದ ಕೆತ್ತನೆ ಕಲಿಯುತ್ತಾರೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಇದೇ ಕಾರ್ಕಳದಲ್ಲಿ ಕಡೆದ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ನೆಲ ಇದು. ಹಳೆ ಕಂಬಕ್ಕಾಗಿ ಹಳೆ ಮನೆ ಬೀಳುವುದನ್ನೇ ಕಾಯುವ ಬದಲು, ಹೊಸ ಕಂಬ ಕೆತ್ತುವ ಕೈಗಳಿಗೆ ಕೆಲಸ ಕೊಡಬಹುದಲ್ಲ ಎಂದು ಅಲ್ಲಿನ ಉಳಿಯ ಸದ್ದು ಕೇಳುತ್ತ ನನಗೆ ಅನ್ನಿಸಿತು. ನೂರು ವರ್ಷದ ಹಿಂದಿನವರಿಗೂ ಅವರ ಕಂಬ ಹೊಸದೇ ಆಗಿತ್ತು.

ಮೇಷ್ಟ್ರ ಮನೆಯ ಜಗಲಿಯಲ್ಲಿ ನಾನು ಕೂತಿದ್ದಷ್ಟು ಹೊತ್ತಿನಲ್ಲಿ ಮೂವರು ಬಂದು ಹೋದರು. ಹಾಲಿನವನು ಒಂದು ನಿಮಿಷ ಕೂತ. ಪಕ್ಕದ ಮನೆಯ ಹೆಂಗಸು ಸೌತೆಕಾಯಿ ಇಟ್ಟು ಹೋದರು. ಮಳೆಗೆ ಸಿಕ್ಕಿದ ಅಪರಿಚಿತ ಹುಡುಗನೊಬ್ಬ ಕೇಳದೆಯೇ ಬಂದು ನಿಂತ, ಮಳೆ ಕಡಿಮೆಯಾದ ಮೇಲೆ ಹೇಳದೆಯೇ ಹೋದ. ಬಾಗಿಲು ತಟ್ಟದೆ ಬರಬಹುದಾದ, ಒಳಗೂ ಅಲ್ಲದ ಹೊರಗೂ ಅಲ್ಲದ ಆ ನಾಲ್ಕಡಿ ಜಾಗ ಫ್ಲ್ಯಾಟಿನ ನಕ್ಷೆಯಲ್ಲಿ ಇರುವುದಿಲ್ಲ. ಅಲ್ಲಿ ಬಾಗಿಲಾಚೆ ಲಿಫ್ಟು.

ಮತ್ತೆ ಒಂಬತ್ತನೇ ಮಹಡಿ

ಆಟಿ ಕಳೆದು ಸೋಣ ತಿಂಗಳಲ್ಲಿ ಮಳೆ ಬಿಟ್ಟುಬಿಟ್ಟು ಬರತೊಡಗಿದ ಮೇಲೆ ಮತ್ತೆ ಗೆಳತಿಯ ಮನೆಗೆ ಹೋದೆ. ಕಾರ್ಕಳದಿಂದ ಅವಳ ಅತ್ತೆ ಬಂದಿದ್ದರು, ಮಂಡಿ ನೋವಿಗೆ ಡಾಕ್ಟರರನ್ನು ಕಾಣಲು. ಬಾಲ್ಕನಿಯ ಕುಂಡಗಳಲ್ಲಿ ಶಂಕರಪುರದಿಂದ ತಂದ ಮಲ್ಲಿಗೆ ಗಿಡಗಳು ಹಿಡಿದುಕೊಂಡಿದ್ದವು.

ಅತ್ತೆಗೆ ಉರುಟು ಸೋಫಾ ಹಿಡಿಸಲಿಲ್ಲ. “ಕೂತರೆ ಒಳಗೆ ಹೋಗುತ್ತೇನೆ, ಏಳಲಿಕ್ಕೆ ಇಬ್ಬರು ಬೇಕು,” ಎಂದವರು, ಊರಿನಿಂದ ಸುತ್ತಿ ತಂದಿದ್ದ ಮುಂಡೇವಿನ ಚಾಪೆಯನ್ನು ನೆಲಕ್ಕೆ ಬಿಡಿಸಿದರು. ಬಾಳೆನಾರಿನ ಕಂತೆ, ಬಟ್ಟಲಲ್ಲಿ ಮೊಗ್ಗು. ಒಂದು ಕೈ ನೆಲಕ್ಕೂರಿ, ‘ಅಮ್ಮಾ’ ಎಂದು ನಿಧಾನವಾಗಿ ಕೂತು, ಕಾಲು ಚಾಚಿ, ಹಿಂದಕ್ಕೆ ವಾಲಿದರು. ಕಂಬ ಅಲ್ಲಿಯೇ ಇತ್ತು. ಮಿರುಗುವ ಬದಿಯನ್ನು ಗೆಳತಿ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದ್ದಳು, ಬಂದವರಿಗೆ ಮೊದಲು ಕಾಣಲಿ ಎಂದು. ಅತ್ತೆ ಒರಗಿದ್ದು ಅದರ ಬೆನ್ನಿಗೆ, ಬಾಲ್ಕನಿಯ ಗಾಳಿ ಬರುವ ಕಡೆಗೆ.

ಮುಕ್ಕಾಲು ತಾಸು ಅವರು ಹೂ ಕಟ್ಟಿದರು. ಆಟಿಯ ಕಳಲೆ ಪಲ್ಯ, ತಂಗಿಯ ಮಗನ ಮದುವೆ, ಮಾರಿ ಹೋದ ಅವರ ತವರುಮನೆ, ಎಲ್ಲ ಬಂತು ಮಾತಿನಲ್ಲಿ. ಸೋಫಾದ ಮೇಲಿದ್ದ ನಾವು ಒಬ್ಬೊಬ್ಬರಾಗಿ ಯಾವಾಗ ಚಾಪೆಗಿಳಿದೆವೋ ತಿಳಿಯಲಿಲ್ಲ.

ಅತ್ತೆ ಕೈ ತೊಳೆಯಲು ಎದ್ದು ಹೋದರು. ಅವರ ಬೆನ್ನು ತಾಗಿದ್ದಲ್ಲಿ, ನೆಲದಿಂದ ಎರಡಡಿ ಮೇಲೆ, ಮರದ ಮೇಲೆ ಬೆವರಿನ ಒದ್ದೆ ಗುರುತು ಮೂಡಿತ್ತು. ಪಾಲಿಶ್ ಹಾಳಾದೀತೆಂದು ಗೆಳತಿ ಅಡುಗೆಮನೆಗೆ ಹೋಗಿ ಒರೆಸುವ ಬಟ್ಟೆ ತಂದಳು. ಕಂಬದ ಮುಂದೆ ಒಂದು ಗಳಿಗೆ ನಿಂತಳು. ಏನನ್ನಿಸಿತೋ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕಾಫಿಗಿಡಲು ಒಳಗೆ ಹೋದಳು.